ಪೈಪಿನ ಆಚೆ ತುದಿ

ಇಂಗ್ಲಿಷರು ಬಿಟ್ಟುಹೋದ ಮಾತುಗಳಲ್ಲಿ ಅಕ್ಕಿಆಲೂರಿನವರು ಮೈಮುರಿಯುವಷ್ಟು ದುಡಿಸಿಕೊಂಡದ್ದು ‘ಲೆವೆಲ್’ ಎಂಬುದನ್ನು. ಅದರ ಊರಿನಲ್ಲಿ ಅದು ಸಪಾಟಾಗಿರುವುದಕ್ಕೆ ಹೇಳುವ ಮಾತಂತೆ. ಇಲ್ಲಿಗೆ ಬಂದ ಮೇಲೆ ಅದಕ್ಕೆ ಒಂದು ಕಡೆ ಸಪಾಟಾಗಿ ಕುಳಿತುಕೊಳ್ಳಲು ಪುರಸೊತ್ತೇ ಸಿಕ್ಕಿಲ್ಲ. ಕೆರೆಗೆ ನೀರು ಬಂದರೆ ಲೆವೆಲ್ ಏರಿತು. ಅಣ್ಣತಮ್ಮಂದಿರ ಬದುವಿನ ಜಗಳ ಹಿರಿಯರ ಮುಂದೆ ಬಗೆಹರಿದರೆ ಮ್ಯಾಟರು ಲೆವೆಲ್ ಆಯಿತು, ಬಗೆಹರಿಯದಿದ್ದರೆ ತಹಶೀಲ್ದಾರರ ಲೆವೆಲ್ಲಿಗೆ ಹೋಯಿತು. ಹೊಸ ಗಾಡಿ ಕೊಂಡವನು ಲೆವೆಲ್ ತೋರಿಸುತ್ತಾನೆ, ಹಳೆಯ ಗೆಳೆಯನನ್ನು ಕಂಡೂ ಕಾಣದಂತೆ ಹೋದವನ ಲೆವೆಲ್ಲೇ ಬೇರೆ. ಅಕ್ಕಿ ಗಿರಣಿಯವರಿಗೆ ಶುಗರಿನ ಲೆವೆಲ್, ಅವರ ಮಕ್ಕಳಿಗೆ ಮೊಬೈಲ್ ಆಟದ ಲೆವೆಲ್.

ಮನೆ ಕಟ್ಟುವ ಗೌಂಡಿ ಗುತ್ತೆಪ್ಪನಿಗೆ ಮಾತ್ರ ಲೆವೆಲ್ ಅಂದರೆ ಒಂದು ಪೈಪು. ಕಿರುಬೆರಳು ದಪ್ಪದ, ಒಳಗಿನದು ಕಾಣುವಂಥ, ಉದ್ದನೆಯ ಪ್ಲಾಸ್ಟಿಕ್ ಪೈಪು. ಅದರ ತುಂಬ ನೀರು. ಈ ಗೋಡೆಯ ಹತ್ತಿರ ಒಂದು ತುದಿ, ಆ ಗೋಡೆಯ ಹತ್ತಿರ ಇನ್ನೊಂದು ತುದಿ. ನಡುವೆ ಕಲ್ಲಿರಲಿ, ಕುಣಿಯಿರಲಿ, ಮಲಗಿದ ನಾಯಿಯಿರಲಿ, ಎರಡೂ ತುದಿಯಲ್ಲಿ ನೀರು ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತದೆ. ನಿಂತಲ್ಲಿ ಗೆರೆ ಎಳೆಯಬೇಕು. ಆ ಗೆರೆಯಿಂದ ಮೂರು ಫೂಟು ಕೆಳಗೆ ನೆಲ ಹಾಸಬೇಕು.

ಒಂದು ತುದಿ ಗುತ್ತೆಪ್ಪನ ಕೈಯಲ್ಲಿ. ಆಚೆ ತುದಿ ಅವನ ಹೆಂಡತಿ ಶಾರವ್ವನ ಕೈಯಲ್ಲಿ.

ಮದುವೆಯಾದ ಹೊಸದರಲ್ಲಿ ಆಳು ಕೈಕೊಟ್ಟ ಒಂದು ದಿನ ಹಿಡಿದ ತುದಿ ಅದು. ಆಮೇಲೆ ಬಿಡಲಿಲ್ಲ. ಮಗಳು ಮಧುಶ್ರೀ ಹುಟ್ಟಿದಾಗ ಅಷ್ಟು ದಿನ ಬಿಟ್ಟದ್ದು, ಆ ಮಗಳು ದುಂಡಸಿಗೆ ಸೊಸೆಯಾಗಿ ಹೋದಾಗ ಇಷ್ಟು ದಿನ ಬಿಟ್ಟದ್ದು, ಅಷ್ಟೇ. ಅವನು ಕೂಗುತ್ತಿದ್ದ: “ಬಂತೇನ?” ಆಕೆ ಕೂಗುತ್ತಿದ್ದಳು: “ಬಂತು. ಕುಂತೈತಿ.” ನೀರು ಅಲುಗುವುದು ನಿಂತಿದೆ, ಗೆರೆ ಎಳೆಯುತ್ತೇನೆ ಎಂದರ್ಥ. ಗಂಡಹೆಂಡಿರು ಮಾತು ಬಿಟ್ಟ ದಿನಗಳೂ ಇದ್ದವು. ಆದರೆ ಮಾತು ಬಿಟ್ಟವರೂ “ಬಂತೇನ” ಅನ್ನಲೇಬೇಕು, “ಬಂತು” ಅನ್ನಲೇಬೇಕು. ಹೀಗಾಗಿ ಅವರ ಯಾವ ಜಗಳವೂ ಒಂದು ಪಾಯದ ಆಚೆಗೆ ಬೆಳೆಯಲಿಲ್ಲ.

ನೀರಿಗೆ ಬಟ್ಟೆಯ ನೀಲಿ ಒಂದೆರಡು ಹನಿ ಹಾಕುವುದು ರೂಢಿ, ಕಣ್ಣಿಗೆ ಚೆನ್ನಾಗಿ ಕಾಣಲಿ ಅಂತ. ಕಳೆದ ವರ್ಷದಿಂದ ಶಾರವ್ವ ನೀಲಿಯನ್ನು ಹನಿಯಲ್ಲಿ ಹಾಕದೆ ಧಾರೆಯಲ್ಲಿ ಹಾಕತೊಡಗಿದಳು. ಪೈಪು ಮಸಿ ಕುಡಿಕೆಯ ಹಾಗೆ ಕಾಣತೊಡಗಿತು.

“ಇಷ್ಟ್ಯಾಕ ಸುರೀತಿ? ನೀರಿಗೇನು ಧೋತರ ಉಡಸಾಕಿ ಅದಿಯೇನ?” ಎಂದ ಗುತ್ತೆಪ್ಪ.

“ನೀಲಿ ನಮ್ಮ ಬಣ್ಣ ಅಲ್ಲೇನ? ಇರ್ಲಿ ಬಿಡು, ನಾಕ ಮಂದಿ ನೋಡ್ಲಿ” ಎಂದಳು ಶಾರವ್ವ.

ಗುತ್ತೆಪ್ಪ ನಕ್ಕುಬಿಟ್ಟ. ಅವನ ತಂದೆಯ ಕಾಲಕ್ಕೇ ಬುದ್ಧನನ್ನು ಹಿಡಿದ ಮನೆ ಅದು. ಪಡಸಾಲೆಯ ಗೋಡೆಯ ಮೇಲೆ ಬುದ್ಧ ಇದ್ದಾನೆ, ಬಾಗಿಲ ಮೇಲೆ ನೀಲಿ ಬಾವುಟ ಇದೆ. ಹೆಂಡತಿ ತಮಾಷೆ ಮಾಡಿದಳು ಅಂದುಕೊಂಡ. ಹೆಂಡತಿ ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂಬುದು ಆ ನಗುವಿನಲ್ಲಿ ಅವನಿಗೆ ಹೊಳೆಯಲಿಲ್ಲ.

ಆಗ ನಡೆದದ್ದು ನಾಗಪ್ಪ ಸಾಹುಕಾರರ ಮನೆಯ ಕೆಲಸ. ನಾಗಪ್ಪ ಅಂದರೆ ಅಕ್ಕಿ ಗಿರಣಿಯ ಪಾಲುದಾರ. ಕೆರೆಯ ಕಡೆಗೆ ಇಳಿಜಾರಿದ್ದ ಜಾಗದಲ್ಲಿ ಗರಸು ಮಣ್ಣು ತುಂಬಿಸಿ ಹೊಸ ಮನೆ ಎಬ್ಬಿಸಿದ್ದರು. ಅವರ ಹೆಂಡತಿ ಮಾದೇವಿ ಕೆಟ್ಟ ಹೆಂಗಸಲ್ಲ. ದಿನಾ ಎರಡು ಹೊತ್ತು ಚಹಾ ಕಳಿಸುತ್ತಿದ್ದಳು, ಪೇಪರ್ ಕಪ್ಪಿನಲ್ಲಿ. ಪೇಪರ್ ಕಪ್ಪು ಬಂದ ಮೇಲೆ ಊರಲ್ಲಿ ಚಹಾ ಕುಡಿಯುವವರೆಲ್ಲ ಒಂದೇ ಲೆವೆಲ್. ಕುಡಿದು ಕಪ್ಪು ಎಸೆದ ಮೇಲೆ ಮತ್ತೆ ಅವರವರ ಲೆವೆಲ್. ಮನೆಯ ಹಿಂದಿನ ಮೂಲೆಯಲ್ಲಿ ದೇವರ ಕೋಣೆ. ಇಂಥ ಕೋಣೆಗಳನ್ನು ಗುತ್ತೆಪ್ಪ ಬೇಕಾದಷ್ಟು ಕಟ್ಟಿದ್ದಾನೆ. ಕಟ್ಟುವಷ್ಟು ದಿನ ಒಳಗೆ ಗುತ್ತೆಪ್ಪ, ಕಟ್ಟಿದ ಮೇಲೆ ಒಳಗೆ ದೇವರು. ಇಬ್ಬರೂ ಕೂಡಿ ಇದ್ದದ್ದನ್ನು ಯಾರೂ ನೋಡಿಲ್ಲ.

ಟೈಲ್ಸು ಹಾಸಿ, ಸಂದು ತುಂಬಿ ಮುಗಿದ ಮೇಲೆ ಮಾದೇವಿ ನೆಲ ತೊಳೆಯಲು ಎರಡು ಕೊಡ ನೀರು ಸುರಿದಳು. ನೀರು ಬಚ್ಚಲ ಕಡೆ ಹೋಗಬೇಕಿತ್ತು. ಅದು ಒಂದು ಗಳಿಗೆ ಯೋಚನೆ ಮಾಡಿ, ತಿರುಗಿ, ಪಡಸಾಲೆಯನ್ನೆಲ್ಲ ದಾಟಿ ದೇವರ ಕೋಣೆಗೆ ನಡೆಯಿತು.

“ಏನ್ರೀ, ಇಲ್ಲೆ ಬರ್ರಿ ಲಗೂನ! ನೀರೆಲ್ಲಾ ದೇವರ ಕ್ವಾಣಿಗೆ ಹೊಂಟಾವು!”

ನಾಗಪ್ಪ ಬಂದು ನೋಡಿದರು. ಒಂದು ನಿಂಬೆಹಣ್ಣು ತರಿಸಿ ನೆಲದ ನಡುವೆ ಇಟ್ಟರು. ನಿಂಬೆಹಣ್ಣು ಭಕ್ತಿಯಿಂದ ಉರುಳುತ್ತ ಅದೇ ಮೂಲೆಗೆ ಹೋಗಿ ಸೇರಿತು.

ಗುತ್ತೆಪ್ಪನಿಗೆ ಫೋನು ಹೋಯಿತು. ಫೋನಿನಲ್ಲಿ ಸಾಹುಕಾರರು ಅಂದದ್ದರಲ್ಲಿ ಅರ್ಧ ಅವನ ತಾಯಿಗೆ ಸಂಬಂಧಿಸಿದ್ದು, ಇನ್ನರ್ಧ ಅವನ ಜಾತಿಗೆ. ಅವನು ಪೈಪು ಸುತ್ತಿಕೊಂಡು, ಶಾರವ್ವನನ್ನು ಸೈಕಲ್ಲಿನ ಹಿಂದೆ ಕೂಡ್ರಿಸಿಕೊಂಡು ಬಂದ. ಗೋಡೆಗಿನ್ನೂ ಬಣ್ಣ ಆಗಿರಲಿಲ್ಲ, ಇಬ್ಬರ ಗೆರೆಗಳೂ ಕಾಣುತ್ತಿದ್ದವು. ಮರಳಿ ಅಳೆದು ನೋಡುವುದೊಂದೇ ಉಳಿದಿತ್ತು. ಇಷ್ಟು ವರ್ಷದಲ್ಲಿ ಅವನು ತನ್ನ ಗೆರೆಯನ್ನು ಮರಳಿ ಅಳೆದದ್ದುಂಟು, ಶಾರವ್ವನ ಗೆರೆಯನ್ನು ಅಳೆದವನಲ್ಲ.

ತಲೆಬಾಗಿಲಲ್ಲಿ ನಾಗಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಗುತ್ತೆಪ್ಪ ಪೈಪಿನ ಸುತ್ತು ಬಿಚ್ಚಿದ. ಶಾರವ್ವನ ಕೈಗೆ ಆಚೆ ತುದಿ ಕೊಟ್ಟು ದೇವರ ಕೋಣೆಯ ಗೋಡೆಗೆ ಕಳಿಸಿದ, ತಾನು ಪಡಸಾಲೆಯ ಕಂಬಕ್ಕೆ ಬಂದ, ತನ್ನ ಗೆರೆಗೆ ಪೈಪು ಹಚ್ಚಿದ, ರೂಢಿಯಂತೆ ಕೂಗಿದ:

“ಬಂತೇನ?”

“ಬಂತು” ಎಂದಳು ಶಾರವ್ವ. “ಕುಂತೈತಿ.”

ಆಗ ಅವನು ತನ್ನ ಕೈಯಲ್ಲಿದ್ದ ಪೈಪು ನೋಡಿದ. ಅದರಲ್ಲಿ ನೀರಿರಲಿಲ್ಲ. ಗಡಿಬಿಡಿಯಲ್ಲಿ ನೀರು ತುಂಬುವುದನ್ನೇ ಮರೆತಿದ್ದ. ಈ ತುದಿಯಿಂದ ಆ ತುದಿಯವರೆಗೆ ಪೈಪು ಒಣಗಿ ಬಿದ್ದಿತ್ತು.

ಅವನು ಕಂಬ ಬಿಟ್ಟು ಎರಡು ಹೆಜ್ಜೆ ಮುಂದೆ ಹೋದ. ಬಾಗಿಲ ಸಂದಿಯಿಂದ ನೋಡಿದ. ಶಾರವ್ವ ಪೈಪಿನ ಕಡೆ ನೋಡುತ್ತಲೇ ಇರಲಿಲ್ಲ. ಎಡಗೈಯಿಂದ ತನ್ನ ಸೊಂಟದ ಸೀರೆಯ ಗಂಟನ್ನು ಮುಟ್ಟಿಕೊಂಡಳು; ಗಂಟಿನ ಎತ್ತರಕ್ಕೆ ಗೋಡೆಯ ಮೇಲೆ ಬೆರಳಿಟ್ಟಳು; ಬೆರಳಿನ ಗುಂಟ ಪೆನ್ಸಿಲಿನಿಂದ ಗೆರೆ ಎಳೆದಳು. ಆ ಗೆರೆ ಹಳೆಯ ಗೆರೆಗಿಂತ ಮೂರು ಬೆರಳು ಮೇಲೆ ಬಿತ್ತು. ಹಾಸಿದ ಟೈಲ್ಸಿನ ಮತ್ತು ಕೆಳಗಿನ ಸಿಮೆಂಟು ಗಿಲಾಯದ ದಪ್ಪ ಎಷ್ಟೋ ಅಷ್ಟು.

ಗುತ್ತೆಪ್ಪನಿಗೆ ಎಲ್ಲ ತಿಳಿಯಿತು. ಮೂರು ಫೂಟಿನ ಗೆರೆ ಯಾವಾಗಲೂ ತನ್ನ ಗಂಟಿನ ಮಟ್ಟಕ್ಕೆ ಬರುವುದು ಆಕೆಗೆ ಗೊತ್ತಿತ್ತು. ಕಣ್ಣು ಕೈಕೊಟ್ಟ ಮೇಲೆ ಆಕೆ ಮೈಯನ್ನೇ ಅಳತೆಗೋಲು ಮಾಡಿಕೊಂಡಿದ್ದಳು. ಸಪಾಟು ಜಾಗದಲ್ಲಿ ಅದು ನಡೆದುಹೋಗಿತ್ತು. ಇಲ್ಲಿ ಗರಸಿನ ನೆಲ ಹಿಂದಕ್ಕೆ ಜಾರಿತ್ತು. ಶಾರವ್ವ ಜಾರಿದ ನೆಲದ ಮೇಲೆ ನಿಂತಳು, ಗಂಟು ನೆಲದ ಜೊತೆಗೇ ಇಳಿಯಿತು, ಮನೆ ಗಂಟಿನ ಜೊತೆಗೇ ಇಳಿಯಿತು.

“ಗೆರಿ ಎಳದ್ಯಾ?” ಎಂದು ಕೇಳಿದ.

“ಹೂಂ, ಎಳದ್ನಿ. ಸರಿ ಐತೆಲ್ಲಾ?”

“ಸರಿ ಐತಿ” ಎಂದ ಗುತ್ತೆಪ್ಪ.

ನಾಗಪ್ಪ ಒಳಗೆ ಬಂದರು. ಹಿಂದೆ ಮಾದೇವಿ, ಅವಳ ಹಿಂದೆ ತಮಾಷೆ ನೋಡಲು ಗಿರಣಿಯ ಇಬ್ಬರು ಹಮಾಲರು.

“ಹೇಳಲೇ, ತಪ್ಪು ಯಾರದು? ಪೈಪಿಗೆ ಎರಡ ತುದಿ. ನಿನ್ನ ತುದೀದೋ, ನಿನ್ನ ಹೇಣತಿ ತುದೀದೋ? ಆವತ್ತ ಹೇಳಿದ್ನಿಲ್ಲೋ, ಗಂಡಾಳ ಒಬ್ಬನ್ನ ಕರಕೊಂಡು ಬಾ, ಹೆಂಗಸರ ಕೈಯಾಗ ಲೆವಲ್ ಕೊಡಬ್ಯಾಡ ಅಂತ?”

ದೇವರ ಕೋಣೆಯ ಬಾಗಿಲಿಗೆ ಬಂದ ಶಾರವ್ವ ಧ್ವನಿ ಬಂದ ಕಡೆ ಮುಖ ತಿರುಗಿಸಿದಳು, ಸಾಹುಕಾರರ ಕಡೆಗಲ್ಲ, ಅವರ ಪಕ್ಕದ ಕಂಬದ ಕಡೆಗೆ. ಇನ್ನೊಂದು ಗಳಿಗೆ ಕಳೆದರೆ ಎಲ್ಲರಿಗೂ ಗೊತ್ತಾಗುವುದಿತ್ತು.

“ನನ್ನ ತುದೀದರಿ” ಎಂದ ಗುತ್ತೆಪ್ಪ. ಅದು ಸಾಲಲಿಲ್ಲ, ಎಲ್ಲರೂ ಇನ್ನೂ ಅವನನ್ನೇ ನೋಡುತ್ತಿದ್ದರು. ತಲೆಗೆ ಬೇರೇನೂ ಹೊಳೆಯದೆ ಅಂದುಬಿಟ್ಟ: “ಆವತ್ತ ನಾ ಕುಡದಿದ್ನಿರಿ.”

ಹುಟ್ಟಿದಾಗಿನಿಂದ ಒಂದು ಹನಿ ಮುಟ್ಟದವನು. ಮುಟ್ಟಿದವನಾಗಿದ್ದರೆ ಇದಕ್ಕಿಂತ ಒಳ್ಳೆಯ ಸುಳ್ಳು ಹೊಳೆಯುತ್ತಿತ್ತೇನೋ.

“ಗೌಂಡಿ ಅಂದಮ್ಯಾಲೆ ಗುಂಡು ಹಾಕೂದ ಬಿಡ್ರಿ ಸಾವಕಾರ್ರ” ಎಂದ ಒಬ್ಬ ಹಮಾಲ. ಇನ್ನೊಬ್ಬ ನಕ್ಕ. ನಾಗಪ್ಪ ನಗಲಿಲ್ಲ. ಹುಬ್ಬಳ್ಳಿಯಿಂದ ಮಂದಿಯನ್ನು ಕರೆಸಿ ನೆಲ ಕೀಳಿಸುತ್ತೇನೆ, ನೀನು ನನ್ನ ಹೊಸ್ತಿಲು ತುಳಿಯಬೇಡ ಎಂದರು. ಆ ಹೊಸ್ತಿಲು ಹಾಕಿದವನೂ ಅವನೇ.

ಮನೆಗೆ ಬರುವಾಗ ಶಾರವ್ವ ಸೈಕಲ್ ಹತ್ತಲಿಲ್ಲ. ಸೈಕಲ್ಲಿನ ಕ್ಯಾರಿಯರು ಹಿಡಿದುಕೊಂಡು ಹಿಂದೆ ನಡೆದಳು. ಗದ್ದೆಯ ದಾರಿ ಬಂದ ಮೇಲೆ ಕೇಳಿದಳು:

“ನನಗ ಹೇಳದ ಕುಡದಿಯೇನ?”

“ನೀನೂ ನನಗ ಹೇಳದ ಕುರುಡಿ ಆದಿ.”

ಕ್ಯಾರಿಯರು ಹಿಡಿದ ಕೈ ನಿಂತಿತು. ಸೈಕಲ್ಲೂ ನಿಂತಿತು.

“ಹೇಳಿದ್ರ ಮನ್ಯಾಗ ಕುಂದರಸ್ತಿದ್ದಿ” ಎಂದಳು ಶಾರವ್ವ. “ಮನ್ಯಾಗ ಕುಂತು ಏನ ಮಾಡ್ಲಿ? ಗ್ವಾಡಿ ಜೋಡಿ ಮಾತಾಡ್ಲ್ಯಾ? ಲಗ್ನ ಆದಾಗಿಂದ ಒಂದು ಕೆಲಸ ಮಾಡೇನಿ, ನಿನ್ನ ಎದುರಿಗೆ ನಿಂದ್ರೂದು.”

“ಯಾವಾಗಿಂದ ಕಾಣವಲ್ದು?”

“ಒಂದ ಕಣ್ಣು ಹೋಗಿ ಭಾಳ ದಿನ ಆತು. ಇನ್ನೊಂದರಾಗ ಹೊಗಿ ತುಂಬೈತಿ. ನೀ ಎದುರಿಗೆ ಬಂದ್ರ ಗೊತ್ತಾಗತೈತಿ, ಒಂದು ದೊಡ್ಡ ಕಪ್ಪು.”

“ನಾ ಕಪ್ಪ ಇರೂದ ಎಲ್ಲಾರಿಗೂ ಕಾಣತೈತಿ” ಎಂದ ಗುತ್ತೆಪ್ಪ. ಆಕೆ ನಗಲಿಲ್ಲ. ಅವನು ಗದ್ದೆಯ ಕಡೆ ನೋಡುತ್ತ ಒಂದು ಮಾತು ಕೊಟ್ಟ: “ನಿನ್ನ ಬಿಟ್ಟು ಬ್ಯಾರೇ ಯಾರ ಕೈಯಾಗೂ ಪೈಪ್ ಕೊಡೂದಿಲ್ಲ. ಸಾಕೇನ?”

ಮಧುಶ್ರೀ ದುಂಡಸಿಯಿಂದ ಬಂದು ತಾಯಿಯನ್ನು ಮೊದಲು ಹಾನಗಲ್ಲಿಗೆ, ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಒಳ್ಳೆಯವರು, ತಿಳಿಯುವ ಹಾಗೆ ಹೇಳಿದರು. ಕಣ್ಣಿನೊಳಗೂ ನೀರಿರುತ್ತದೆ. ಆ ನೀರಿನ ಒತ್ತಡಕ್ಕೂ ಒಂದು ಲೆವೆಲ್ ಇದೆ. ಅದು ಏರಿದರೆ ಒಳಗಿನ ನರ ಸದ್ದಿಲ್ಲದೆ ಸಾಯುತ್ತದೆ. ಸತ್ತದ್ದು ತಿರುಗಿ ಬರುವುದಿಲ್ಲ. ಉಳಿದ ಹೊಗೆಯನ್ನಾದರೂ ಉಳಿಸಿಕೊಳ್ಳಲು ದಿನಾ ಹನಿ ಹಾಕಬೇಕು.

“ಏರಿದ್ದನ್ನ ಇಳಸಾಕ ಬರೂದಿಲ್ಲೇನ್ರಿ?” ಎಂದು ಗುತ್ತೆಪ್ಪ ಕೇಳಿದ.

“ಲೆವೆಲ್ ಇಳಿಸಬಹುದು. ಕಣ್ಣು ತರೋಕಾಗಲ್ಲ” ಎಂದರು ಡಾಕ್ಟರು.

ಜೀವನವಿಡೀ ಬೇರೆಯವರ ಮನೆಯ ಲೆವೆಲ್ ನೋಡಿದವನು, ತನ್ನ ಮನೆಯೊಳಗೆ ಏರುತ್ತಿದ್ದುದನ್ನು ನೋಡಿರಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟನ್ನು ಅವನು ಹೆಂಡತಿಗೆ ಬಿಟ್ಟುಕೊಟ್ಟ. ಕುಳಿತ ಮೇಲೆ ಇಬ್ಬರಿಗೂ ಅದು ಏತಕ್ಕೆ ಎಂದು ತಿಳಿಯಲಿಲ್ಲ.

ಅಷ್ಟರಲ್ಲಿ ಊರು ತನ್ನ ಕೆಲಸ ಮಾಡಿ ಮುಗಿಸಿತ್ತು. ಗುತ್ತೆಪ್ಪ ನೆಲವನ್ನು ಮಟ್ಟ ಮಾಡುವವನು, ಊರು ಗುತ್ತೆಪ್ಪನನ್ನು ಮಟ್ಟ ಹಾಕಿತು. ಮಾತು ಆಡಿಸಿದವರು ಮೂಗನ್ನು ಸ್ವಲ್ಪ ಮುಂದೆ ತಂದು ಆಡಿಸಿದರು, ವಾಸನೆ ಸಿಗುತ್ತದೇನೋ ಎಂದು. ಸಿಗದಿದ್ದಾಗ, ಏಲಕ್ಕಿ ಜಗಿದು ಬಂದಿದ್ದಾನೆ ಎಂದರು. ನಿಜವಾದ ಕುಡುಕರು ಅವನನ್ನು ಕಂಡರೆ ಕೈ ಎತ್ತತೊಡಗಿದರು, ತಮ್ಮ ಲೆವೆಲ್ಲಿನವನು ಎಂದು. ಕಟ್ಟುವ ಮನೆಗಳು ಬೇಕಾದಷ್ಟಿದ್ದವು. ಅವನನ್ನು ಕರೆಯುವ ಮನೆ ಇರಲಿಲ್ಲ.

ಶಾರವ್ವ ಇದನ್ನು ಸಹಿಸಿಕೊಂಡು ಕೂಡಲಿಲ್ಲ. ಸಂತೆಯ ದಿನ ಗಂಡನಿಗೆ ಹೇಳದೆ, ನೆರೆಮನೆಯ ವೀರವ್ವನ ಸೆರಗು ಹಿಡಿದು, ಹೊರಟಳು. ಮಾದೇವಿ ಕಾಯಿಪಲ್ಲೆ ಕೊಳ್ಳುವ ಹೊತ್ತು ಆಕೆಗೆ ಗೊತ್ತಿತ್ತು. ಮೆಣಸಿನಕಾಯಿ ರಾಶಿಯ ಮುಂದೆ, ನಾಲ್ಕು ಜನರೆದುರು, ಹೇಳಿಬಿಟ್ಟಳು:

“ಅಕ್ಕಾರ, ನನ್ನ ಗಂಡ ಕುಡದಾಂವ ಅಲ್ಲರಿ. ನನಗ ಕಣ್ಣು ಕಾಣೂದಿಲ್ಲ. ತಪ್ಪು ನನ್ನ ತುದೀದು. ಸಾವಕಾರ್ರಿಗೆ ಹೇಳ್ರಿ.”

ಮಾದೇವಿಯ ಕಣ್ಣಲ್ಲಿ ನೀರು ಬಂತು. ನಂಬಿದ್ದಕ್ಕೆ ಬಂದ ನೀರಲ್ಲ ಅದು.

“ಶಾರವ್ವಾ, ನಿನ್ನಂಥ ಹೇಣತಿ ಸಿಗಬೇಕಾರ ಆ ಕುಡುಕ ಪುಣ್ಯಾ ಮಾಡಿರಬೇಕು ನೋಡು. ಗಂಡನ ಮಾನಾ ಮುಚ್ಚಾಕ ಕಣ್ಣು ಕಳಕೊಂಡೇನಿ ಅಂತೀಯಲ್ಲ! ಹಂಗ ಅನಬ್ಯಾಡವಾ, ಖರೇ ಆದೀತು.”

ಸುತ್ತ ನಿಂತವರೆಲ್ಲ ಹೂಂಗುಟ್ಟಿದರು. ಪತಿವ್ರತೆ ಎಂದರು ಒಬ್ಬರು. ಶಾರವ್ವ ಆಣೆ ಮಾಡಿದಳು. ಆಣೆ ಮಾಡಿದಷ್ಟೂ ಆಕೆಯ ಪಾತಿವ್ರತ್ಯ ಏರುತ್ತ ಹೋಯಿತೇ ಹೊರತು ಗುತ್ತೆಪ್ಪನ ಕುಡಿತ ಇಳಿಯಲಿಲ್ಲ. ಕಡೆಗೆ ಸಿಟ್ಟಿಗೆದ್ದು, ವೀರವ್ವನ ಸೆರಗು ಬಿಟ್ಟು ತಿರುಗಿದವಳು ಉಳ್ಳಾಗಡ್ಡಿಯ ಬುಟ್ಟಿಗೆ ಎಡವಿ, ಬುಟ್ಟಿಯ ಸಮೇತ ಗಟಾರದ ದಂಡೆಯ ಮೇಲೆ ಬಿದ್ದಳು.

ಉಳ್ಳಾಗಡ್ಡಿಯವನು ಆಕೆಯನ್ನು ಎತ್ತುತ್ತ ಪಕ್ಕದವನಿಗೆ ಮೆಲ್ಲಗೆ ಅಂದ: “ಈಗ ಆಕೀನೂ ಶುರು ಮಾಡ್ಯಾಳ.”

ಮೆಲ್ಲಗೆ ಅಂದದ್ದು ಶಾರವ್ವನಿಗೆ ಕೇಳಿಸಿತು. ಕಣ್ಣು ಹೋದ ಮೇಲೆ ಕಿವಿ ಚುರುಕಾಗಿತ್ತು. ಮನೆಗೆ ಬಂದು ಅಂಗೈಗೆ ಹತ್ತಿದ ಕೆಸರನ್ನು ತಾನೇ ತೊಳೆದುಕೊಂಡಳು. ಗಂಡನಿಗೆ ಅಂದದ್ದು ಇಷ್ಟೇ: “ನೀ ಹಾಕಿದ ಸುಳ್ಳು ಗಟ್ಟಿ ಕೆಲಸ. ಕೀಳಾಕ ಬರವಲ್ದು.”

ಕೆಲಸ ಕೊಟ್ಟವನು ಹಜರತಅಲಿ. ಸವಣೂರಿನ ಟೈಲ್ಸ್ ಗುತ್ತಿಗೆದಾರ, ಮೊದಲು ಗುತ್ತೆಪ್ಪನ ಕೈಯಲ್ಲೇ ಕೆಲಸ ಕಲಿತವನು. ಈಗ ಶಿಗ್ಗಾವಿಯಿಂದ ಹಿರೇಕೆರೂರಿನವರೆಗೆ ಅವನ ಮಂದಿ ಓಡಾಡುತ್ತಾರೆ. ಮೋಟಾರ್‌ಸೈಕಲ್ ಮೇಲೆ ಬಂದವನು ಇಳಿಯದೆ ಮಾತಾಡಿದ.

“ಗುತ್ತೆಪ್ಪಣ್ಣ, ನೀ ಕುಡೀತಿಯೋ ಬಿಡತಿಯೋ ನನಗ ಬ್ಯಾಡ. ಕೆಲಸದ ಹೊತ್ತಿನ್ಯಾಗ ನೆಟ್ಟಗ ನಿಂತ್ರ ಸಾಕು. ಹಿರೇಕೆರೂರಾಗ ಗೋದಾಮದ ಕೆಲಸ ಐತಿ, ಆರ ತಿಂಗಳದ್ದು. ಆದ್ರ ಒಬ್ಬನ ಬಾ.”

“ನಮ್ಮಾಕಿ?”

“ಭಾಭೀ ಬ್ಯಾಡಣ್ಣ. ನನ್ನ ಕಡೆ ಮಷೀನ್ ಐತಿ. ನಡುವ ಇಟ್ಟು ಬಟನ್ ಒತ್ತಿದ್ರ ನಾಕೂ ಗ್ವಾಡಿ ಮ್ಯಾಲೆ ಕೆಂಪು ಗೆರಿ ತಾನ ಬೀಳತೈತಿ. ಆ ಕಡೆ ಯಾರೂ ನಿಂದ್ರೂದು ಬೇಕಾಗೂದಿಲ್ಲ.”

ಗುತ್ತೆಪ್ಪ ಎರಡು ದಿನ ತಡೆದ. ಮೂರನೆಯ ಬೆಳಿಗ್ಗೆ ಕಣ್ಣಿನ ಹನಿಯ ಶೀಶೆ ಖಾಲಿಯಾಗಿತ್ತು. ಅವನು ಹೊರಟ. ಮಾತು ತಪ್ಪಿದ ಎನ್ನುವ ಹಾಗೂ ಇರಲಿಲ್ಲ. ಬೇರೆಯವರ ಕೈಗೆ ಪೈಪು ಕೊಡುವುದಿಲ್ಲ ಎಂದಿದ್ದ, ಹಜರತಅಲಿಯ ಹತ್ತಿರ ಪೈಪೇ ಇರಲಿಲ್ಲ.

ಹೊರಡುವಾಗ ಶಾರವ್ವ ಹೊಸ್ತಿಲಲ್ಲಿ ಸೀರೆ ಎತ್ತಿಕಟ್ಟಿ, ತಲೆಗೆ ಬಟ್ಟೆ ಸುತ್ತಿ, ದಿನದ ಹಾಗೆ ತಯಾರಾಗಿ ಕುಳಿತಿದ್ದಳು.

“ಕೆಲಸ ಸಿಕ್ತೇನ?”

“ಇಲ್ಲ” ಎಂದ ಗುತ್ತೆಪ್ಪ. “ಬಸ್‌ಸ್ಟ್ಯಾಂಡಿನ ತನಕ ಹೋಗಿ ಬರ್ತೇನಿ.”

ಹಿರೇಕೆರೂರಿನ ಗೋದಾಮು ದೊಡ್ಡದು. ಮೆಕ್ಕೆಜೋಳದ ಚೀಲಗಳನ್ನು ಸೂರಿನವರೆಗೆ ಒಟ್ಟಬೇಕಾದ ಜಾಗ. ನಡುವೆ ಮಷೀನು ಇಟ್ಟು ಬಟನ್ ಒತ್ತಿದರು. ಕೆಂಪು ಗೆರೆ ಒಮ್ಮೆಲೇ ನಾಲ್ಕೂ ಗೋಡೆಗೆ ಹಾಯಿತು, ಕೂದಲೆಳೆಯಷ್ಟೂ ಸೊಟ್ಟವಿಲ್ಲದೆ. ಗುತ್ತೆಪ್ಪ ಬಾಯಿ ತೆರೆದ, ಮುಚ್ಚಿದ. ಕೇಳಲು ಏನೂ ಇರಲಿಲ್ಲ. ಕೇಳಿದ್ದರೆ ಆಚೆಯ ಗೋಡೆ ಅವನದೇ ಧ್ವನಿಯನ್ನು ತಿರುಗಿ ಕಳಿಸುತ್ತಿತ್ತು. ಸಂಜೆಯವರೆಗೆ ಅವನು ಬಾಯಿ ಬಿಡದೆ ದುಡಿದ. ಉಳಿದವರು, ನಿನ್ನೆಯ ನಶೆ ಇನ್ನೂ ಇಳಿದಿಲ್ಲ ಎಂದುಕೊಂಡರು.

ಊರಿಗೆ ಬಂದು ಇಳಿದಾಗ ದೀಪ ಹಚ್ಚುವ ಹೊತ್ತು. ನಲ್ಲಿಯಲ್ಲಿ ಕೈಕಾಲು ತೊಳೆದ. ಸಿಮೆಂಟು ಉಗುರಿನ ಸಂದಿಯಿಂದ ಅಷ್ಟು ಸುಲಭಕ್ಕೆ ಹೋಗುವ ಸ್ವಭಾವದ್ದಲ್ಲ. ಶಾರವ್ವ ಹೊಸ್ತಿಲಲ್ಲೇ ಇದ್ದಳು, ತಲೆಯ ಬಟ್ಟೆ ಬಿಚ್ಚಿ ಮಡಿಲಲ್ಲಿಟ್ಟುಕೊಂಡಿದ್ದಳು.

“ಎಲ್ಲಿಗೆ ಹೋಗಿದ್ದಿ ಇಷ್ಟೊತ್ತನಕ?”

ಅವನಿಗೆ ಊರು ಕಲಿಸಿದ ಒಂದೇ ಉತ್ತರ ಸಿದ್ಧವಿತ್ತು. “ಕುಡಿಯಾಕ” ಎಂದ.

ಶಾರವ್ವ ಕೈ ಚಾಚಿದಳು. ಅವನ ಕೈ ಸಿಕ್ಕಿತು. ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು, ಉಗುರಿನ ಸಂದಿಗೆ ತನ್ನ ಉಗುರು ಹಾಕಿ ಕೆರೆದಳು. ಹಿಟ್ಟಿನಂಥ ಪುಡಿ ಉದುರಿತು. ಅದನ್ನು ಮೂಗಿಗೆ ಹಿಡಿದಳು.

“ಭಾಳ ಕುಡದೀಯೇನ?”

“ಸಂಜೀತನಕ.”

“ನಾಳೆನೂ ಕುಡೀತೀ?”

“ಆರ ತಿಂಗಳು ಕುಡೀಬೇಕಾಗೈತಿ.”

ಶಾರವ್ವ ಅವನ ಕೈ ಬಿಟ್ಟಳು. ಗೋಡೆ ಹಿಡಿದು ಎದ್ದಳು. ಎತ್ತಿಕಟ್ಟಿದ ಸೀರೆಯನ್ನು ಇಳಿಬಿಟ್ಟು, ನೆರಿಗೆ ಸರಿಮಾಡಿಕೊಂಡಳು, ಹಬ್ಬಕ್ಕೆ ಮನೆಯಲ್ಲಿ ಉಳಿಯುವವರ ಹಾಗೆ.

“ಹಂಗಾರ ಬುತ್ತಿ ಕಟ್ಟತೇನಿ ಮುಂಜಾನೆ” ಎಂದಳು. “ಖಾಲಿ ಹೊಟ್ಟ್ಯಾಗ ಕುಡೀಬ್ಯಾಡ.”

ಒಲೆಯ ಕಡೆ ಹೋಗುತ್ತ, ಒಬ್ಬರ ಬುತ್ತಿಗೆ ರೊಟ್ಟಿ ಎಷ್ಟು ಬೇಕು ಎಂದು ಕೇಳಿದಳು. ಇಷ್ಟು ವರ್ಷ ಕಟ್ಟಿದ್ದೆಲ್ಲ ಇಬ್ಬರ ಬುತ್ತಿ. ಗುತ್ತೆಪ್ಪನಿಗೂ ಲೆಕ್ಕ ಗೊತ್ತಿರಲಿಲ್ಲ.